ಹಗೇವಿನ ಬಂದೂಕು

ಅಬ್ಬಿಗೇರಿ
೧೬ ಆಗಸ್ಟ್ ೧೯೫೩

ಶಿವನಪ್ಪನಿಗೆ ಅಕ್ಕನ ಆಶೀರ್ವಾದ.

ಅಪ್ಪ ತೀರಿಕೊಂಡ ಮೇಲೆ ನೀನು ಬರೆದ ಎರಡು ಸಾಲಿನ ಕಾರ್ಡು ಮುಟ್ಟಿತ್ತು. ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ಒಂದು ಕಾರಣ ಸಿಕ್ಕಿದೆ.

ಪಂಚಮಿಯ ಮರುದಿನ ಜೋಳಕ್ಕೆಂದು ಹಿತ್ತಲಿನ ನೆಲದೊಳಗಿನ ಹಗೇವಿನ ಬಾಯಿ ತೆಗೆಸಿದೆವು. ಮೇಲಿನ ಮಣ್ಣು ಕುಸಿದು ಈ ಸಲದ ಮಳೆ ಒಳಗೆ ಇಳಿದಿತ್ತು. ಒಂದು ಬದಿಯ ಜೋಳವೆಲ್ಲ ಮುಗ್ಗಿ ಹೆಂಟೆಗಟ್ಟಿತ್ತು. ಆ ಹೆಂಟೆಯೊಳಗೆ ಆಳಿನ ಕೈಗೆ ಉದ್ದನೆಯದೊಂದು ತಾಗಿತು. ಮೇಲೆ ತಂದು ನೋಡಿದರೆ ಅಪ್ಪನ ಬಂದೂಕು. ಅಪ್ಪ ಹೋದಂದಿನಿಂದ ಅದನ್ನು ಮನೆಯೆಲ್ಲ ಹುಡುಕಿದ್ದೆವು. ಅಟ್ಟವನ್ನೂ ಬಿಟ್ಟಿರಲಿಲ್ಲ. ಸುಗ್ಗಿಯಲ್ಲಿ ಹಗೇವು ತುಂಬುವಾಗ ತಾನೇ ಒಳಗೆ ಇಳಿದು ಇಟ್ಟಿರಬೇಕು. ಯಾರಿಗೂ ಹೇಳಿರಲಿಲ್ಲ. ನೀನು ಇಲ್ಲಿದ್ದಾಗ ಹೊದೆಯುತ್ತಿದ್ದ ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದ.

ಮರದ ಭಾಗ ಚೆನ್ನಾಗಿದೆ. ಕಬ್ಬಿಣದ ಮೇಲೆ ಬೆರಳಿಟ್ಟರೆ ಬೆರಳು ಕೆಂಪಾಗುತ್ತದೆ.

ಪೊಲೀಸ್ ಪಾಟೀಲ ಅಂದಾನೆಪ್ಪ ಕಾಕಾನನ್ನು ಕರೆಸಿ ತೋರಿಸಿದೆ. ಅವನು ಎತ್ತಿ ಹಿಡಿದು, ಹೊರಳಿಸಿ ನೋಡಿ, ಹೇಳಿದ:

"ಜನವರಿಯೊಳಗ ರೋಣದಾಗ ಲೈಸೆನ್ಸ್ ಹೊಸದು ಮಾಡ್ತಾರವ್ವಾ. ಅಲ್ಲೀತನಕ ನನ್ನ ಜವಾಬ್ದಾರಿ ಮ್ಯಾಲೆ ಇಲ್ಲೇ ಇರ್ಲಿ. ಆದ್ರ ವಾರಸುದಾರ ಖುದ್ದ ಬಂದು ನಿಲ್ಲಬೇಕು. ಮತ್ತ ಬಂದೂಕ ಅಂದ್ರ ಬಂದೂಕಿನಂಗ ಕಾಣಬೇಕು. ಹಿಂಗ ಒಯ್ದರ, ನೇಗಿಲದ ಕುಳ ಯಾಕ ತಂದಿ ಅಂತಾರ ಸಾಹೇಬ್ರು."

ನನ್ನ ಹೆಸರಿಗೆ ಮಾಡಿಕೊಡುವುದಿಲ್ಲವೇ ಎಂದೆ. ನಕ್ಕ. ಜನವರಿ ದಾಟಿದರೆ ಸರಕಾರಕ್ಕೆ ಒಪ್ಪಿಸಬೇಕಂತೆ, ಅವರು ಅದನ್ನು ಒಡೆಸಿಬಿಡುತ್ತಾರಂತೆ.

ನೀನು ಬಂದೂಕಿನ ಕಾರಖಾನೆಯಲ್ಲಿ ಇರುವವನು. ಇದಕ್ಕೆ ಏನು ಮಾಡಬೇಕು, ಬರೆ. ಜನವರಿಯಲ್ಲಿ ಬಾ. ಈ ಮನೆಯಲ್ಲಿ ಈಗ ನಾನು ಮತ್ತು ತಿಪ್ಪವ್ವ ಅತ್ತೆ. ಅತ್ತೆಗೆ ಕಿವಿ ಮಂದ. ದಿನಕ್ಕೆ ನಾಲ್ಕು ಮಾತು ಆದರೆ ಹೆಚ್ಚು.

ನಿನ್ನ ಅಕ್ಕ
ರೇಣವ್ವ


ಪುಣೆ
೨೪ ಆಗಸ್ಟ್ ೧೯೫೩

ಅಕ್ಕನಿಗೆ ಶಿವನಪ್ಪನ ಶರಣು.

ಕಾಗದ ಮುಟ್ಟಿತು. ರಜೆ ಸಿಗುವುದು ಕಷ್ಟ. ಜನವರಿಯ ಮಾತು ಜನವರಿಗೆ.

ಬಂದೂಕಿನ ವಿಷಯ. ಮೊದಲು ನಳಿಗೆಯನ್ನು ಕೀಲಿನಲ್ಲಿ ಬಾಗಿಸಿ, ಒಳಗೆ ತೋಟಾ ಇಲ್ಲವೆಂದು ಪಾಟೀಲ ಕಾಕಾನ ಕಡೆಯಿಂದ ನೋಡಿಸು. ಆಮೇಲೆ ನಳಿಗೆ ಬೇರೆ, ಮರ ಬೇರೆ ಮಾಡು. ತಿರುಪುಗಳನ್ನು ಒಂದು ತಟ್ಟೆಯಲ್ಲಿ ಇಡು. ತಟ್ಟೆಯನ್ನು ಮೇಲೆ ಎತ್ತಿಡು.

ತುಕ್ಕು ಎರಡು ಬಗೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಬರುವುದು ಮೇಲಿನದು. ಕಪ್ಪಗೆ ಗುಳಿ ಬಿದ್ದಿದ್ದರೆ ಕಬ್ಬಿಣವನ್ನು ತಿಂದಿದೆ. ಎರಡಕ್ಕೂ ಮೊದಲ ಮದ್ದು ಚಿಮಣಿ ಎಣ್ಣೆ. ಬಟ್ಟೆಯನ್ನು ಅದರಲ್ಲಿ ನೆನೆಸಿ ಸುತ್ತಿ ಇಡು, ಎರಡು ದಿನ ಬಿಡು. ಚೂರಿಯಿಂದ ಕೆರೆಯಬೇಡ. ಆಮೇಲೆ ಉಸುಕಿನ ಕಾಗದದಿಂದ ಉಜ್ಜು. ಬಡಿಗರು ಬಳಸುವ ಕಾಗದ ಗಜೇಂದ್ರಗಡದ ಪೇಟೆಯಲ್ಲಿ ಸಿಗುತ್ತದೆ. ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಗೀರು ಉಳಿಯುತ್ತದೆ. ಮೊದಲು ಒರಟು, ಆಮೇಲೆ ಸಣ್ಣದು. ಕೊನೆಗೆ ಬೇಕಾಗುವ ನಯವಾದ ಎಮರಿ ಕಾಗದ ಅಲ್ಲಿ ಸಿಗಲಿಕ್ಕಿಲ್ಲ. ಟಪಾಲಿನಲ್ಲಿ ಕಳಿಸಿದ್ದೇನೆ.

ಕಂಬಳಿ ಹಸಿ ಹಿಡಿಯುತ್ತದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಸುತ್ತಬೇಕಿತ್ತು.

ಅದು ಯಾವ ಕಂಬಳಿ? ಕರಿ ಅಂಚಿನದೇ?

ಶಿವನಪ್ಪ


ಅಬ್ಬಿಗೇರಿ
೮ ಸೆಪ್ಟೆಂಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ಕರಿ ಅಂಚಿನದೇ.

ಎಮರಿ ಕಾಗದದ ಪೊಟ್ಟಣ ಬಂದಿತು. ನೀನು ಹೇಳಿದಂತೆ ಎಲ್ಲ ಮಾಡಿದೆ. ಪಡಸಾಲೆಯಲ್ಲಿ ಬೆಳಕು ಬೀಳುವ ಕಡೆ ಕುಳಿತು ಉಜ್ಜುತ್ತೇನೆ. ಕೆಂಪು ಪುಡಿ ಸೀರೆಗೆ, ಮೂಗಿಗೆ, ತಟ್ಟೆಯಲ್ಲಿನ ರೊಟ್ಟಿಗೆ. ಅತ್ತೆ ಕಂಬಕ್ಕೆ ಒರಗಿ ನೋಡುತ್ತಾಳೆ.

"ಗಂಡಸರ ಬಂದೂಕ ನೋಡ, ಮುಸುರಿ ಪಾತ್ರಿ ತಿಕ್ಕಿದಂಗ ತಿಕ್ಕಾಕತ್ತಾಳ."

"ಅತ್ತೀ, ನೀನೂ ಒಂದ್ ಕೈ ಹಚ್ಚು."

"ನಾ ಯಾಕ ಹಚ್ಚಲಿ? ನಮ್ಮಣ್ಣ ಇದನ್ನ ಯಾರಿಗೂ ಮುಟ್ಟಗೊಟ್ಟಾಂವಲ್ಲ. ಈಗ ಮ್ಯಾಲಿಂದ ನೋಡಿ ಬೈದಾನು."

ಅವಳಿಗೆ ಆ ಮುಂಜಾನೆ ನೆನಪಿರಬೇಕು. ನನಗೂ ಇದೆ. ನಿನಗೆ ಆಗ ಹತ್ತೊಂಬತ್ತು. ಅಪ್ಪ ಎತ್ತು ನೋಡಲು ಯಾವಗಲ್ಲಿಗೆ ಹೋದಾಗ ನೀನು ಬಂದೂಕು ಬಿಚ್ಚಿ ಹಾಸಿಗೆಯ ಮೇಲೆ ಹರವಿದ್ದೆ. ತಿರುಗಿ ಕೂಡಿಸುವಾಗ, ಗುಂಡು ಹಾರಿಸುವ ಕುದುರೆಯ ಕೆಳಗಿನ ಒಂದು ತಿರುಪು ಸಿಗಲಿಲ್ಲ. ಮರುದಿನ ಚಿಗರಿ ಹಿಂಡು ಕಡಲೆ ಹೊಲಕ್ಕೆ ಬಿದ್ದಿತು. ಅಪ್ಪ ಬದುವಿನ ಮೇಲೆ ಬಂದೂಕನ್ನು ಕೋಲು ಹಿಡಿದಂತೆ ಹಿಡಿದು ನಿಂತಿದ್ದ. ಹಿಂಡು ಅವನನ್ನು ನೋಡುತ್ತಲೇ ಮೇಯುತ್ತಿತ್ತು. ಆಳುಗಳು ನಕ್ಕಿದ್ದೇ ತಪ್ಪಾಯಿತು. ಅವರ ಮುಂದೆಯೇ ನಿನಗೆ ಅಂದ: "ನಿನ್ನ ಕೈ ಹತ್ತಿದ್ದೆಲ್ಲಾ ತುಕ್ಕ ಹಿಡೀತೈತಿ. ಇನ್ನ ಮ್ಯಾಲೆ ಈ ಮನ್ಯಾಗಿನ ಒಂದ್ ಮೊಳೀನೂ ಮುಟ್ಟಬ್ಯಾಡ."

ನೀನು ಅಂದು ಸಂಜೆಯೇ ಗದಗಿನ ದಾರಿ ಹಿಡಿದೆ.

ಆಮೇಲೆ ಅಪ್ಪ ಕಮ್ಮಾರನ ಕಡೆಯಿಂದ ಹೊಸ ತಿರುಪು ಮಾಡಿಸಿದ. ಅದು ನಿನಗೆ ಗೊತ್ತಿಲ್ಲ. ಉಳಿದವುಗಳ ತಲೆ ಸಣ್ಣ, ನಯ; ಅದೊಂದರದು ದಪ್ಪ, ಒರಟು. ತಟ್ಟೆಯಲ್ಲಿ ನೋಡಿದ ಕೂಡಲೇ ಬೇರೆ ಎಂದು ತಿಳಿಯುತ್ತದೆ.

ನಳಿಗೆ ಈಗ ಬೆಳ್ಳಗಾಗಿದೆ. ಇಷ್ಟು ಬೆಳ್ಳಗೆ ನೋಡಲು ಕಸಿವಿಸಿಯಾಗುತ್ತದೆ. ಅಪ್ಪನ ಬಂದೂಕು ನೀಲಿಗಪ್ಪು ಇತ್ತಲ್ಲ, ಆ ಬಣ್ಣ ಹೇಗೆ ಬರುತ್ತದೆ?

ನಿನ್ನ ಅಕ್ಕ
ರೇಣವ್ವ


ಪುಣೆ
೧೭ ಸೆಪ್ಟೆಂಬರ್ ೧೯೫೩

ಅಕ್ಕನಿಗೆ ಶರಣು.

ಅದು ಬಣ್ಣವಲ್ಲ. ತುಕ್ಕೇ.

ಕಬ್ಬಿಣಕ್ಕೆ ನಾವೇ ತೆಳ್ಳಗೆ ತುಕ್ಕು ಹಿಡಿಸುತ್ತೇವೆ. ಅದನ್ನು ನೀರಿನಲ್ಲಿ ಕುದಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಮೇಲೆ ಸಡಿಲಾಗಿ ನಿಂತದ್ದನ್ನು ತಂತಿಯ ಕುಂಚದಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಮತ್ತೆ ತುಕ್ಕು, ಮತ್ತೆ ಕುದಿ. ಪ್ರತಿ ಸಲವೂ ಒಂದಿಷ್ಟು ಗಟ್ಟಿಯಾಗಿ ಉಳಿಯುತ್ತದೆ. ಐದಾರು ಸಲವಾದ ಮೇಲೆ ನೀಲಿಗಪ್ಪು. ಒಮ್ಮೆ ಹೀಗೆ ಕೂತ ತುಕ್ಕು, ಎಣ್ಣೆ ಒರೆಸುತ್ತಿದ್ದರೆ, ಹೊರಗಿನ ತುಕ್ಕನ್ನು ಒಳಗೆ ಬಿಡುವುದಿಲ್ಲ.

ಬೇಕಾದದ್ದು: ಕಲಾಯಿಯವರ ನವಸಾಗರ, ನೀರಿನಲ್ಲಿ ಕರಗಿಸಿದ್ದು; ತುಕ್ಕು ಹಿಡಿಸುವುದು ಅದೇ. ನಳಿಗೆಯ ಎರಡೂ ಬಾಯಿಗೆ ಮರದ ಬೂಚು. ನಳಿಗೆ ಮುಳುಗುವಷ್ಟು ಉದ್ದದ ಪಾತ್ರೆ. ನೀರು ಮಳೆಯದೇ ಇರಬೇಕು. ನಮ್ಮ ಬಾವಿಯ ಸವಳು ನೀರಿನಲ್ಲಿ ಕುದಿಸಿದರೆ ಕಲೆ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ: ಉಜ್ಜಿ ಮುಗಿಸಿದ ಮೇಲೆ ಸುಣ್ಣದ ತಿಳಿಯಿಂದ ಜಿಡ್ಡು ತೊಳೆದು, ಆಮೇಲೆ ಬರಿಗೈಯಿಂದ ಮುಟ್ಟಬಾರದು. ಎಣ್ಣೆಯ ಕೈ ತಾಗಿದ ಕಡೆ ತುಕ್ಕು ಹಿಡಿಯುವುದಿಲ್ಲ, ಬಿಳಿ ಮಚ್ಚೆ ಉಳಿಯುತ್ತದೆ.

ಇಲ್ಲಿ ಇದಕ್ಕೆ ಹಬೆಯ ಕೋಣೆ ಇದೆ. ಅಲ್ಲಿ ಮಳೆ ಹಿಂದೆಗೆದರೆ ಗಾಳಿ ಒಣಗುತ್ತದೆ, ತುಕ್ಕು ಏಳಲಿಕ್ಕಿಲ್ಲ. ಅದಕ್ಕೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ.

ತಿರುಪು ಮಾಡಿಸಿದ್ದು ಗೊತ್ತಿರಲಿಲ್ಲ.

ಶಿವನಪ್ಪ


ಅಬ್ಬಿಗೇರಿ
೪ ಅಕ್ಟೋಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ನಿನಗೆ ತೋಚದ್ದು ನನಗೆ ತೋಚಿತು.

ನವಸಾಗರಕ್ಕೆ ಗಜೇಂದ್ರಗಡಕ್ಕೆ ಹೋಗಿದ್ದೆ. ಕಲಾಯಿ ಕಾಶೀಂಸಾಬ ನನ್ನ ಖಾಲಿ ಕೈ ನೋಡಿ ಕೇಳಿದ: "ಪಾತ್ರಿ ತರದ ಬರೇ ನವಸಾಗರ ಒಯ್ತೀರಲ್ರಿ ಅಕ್ಕಾರ, ಅಬ್ಬಿಗೇರ್ಯಾಗ ನನಗ ಎದುರ ಅಂಗಡಿ ಹಾಕಾವ್ರೇನು?" ಹೌದು ಅಂದೆ. "ಹಂಗಾದ್ರ ನನ್ನನ್ನೂ ಆಳ ಇಟ್ಟಗೋರಿ" ಎಂದು ಎರಡು ಚಿಟಿಕೆ ಹೆಚ್ಚಿಗೆ ಹಾಕಿದ. ಮಾಳಿಗೆಯ ಮಳೆನೀರು ಇಳಿಯುವ ಹಳೆಯ ಹರನಾಳಿಗೆಯನ್ನು ಕೀಳಿಸಿ ಒಯ್ದಿದ್ದೆ. ಎರಡೂ ತುದಿಗೆ ತಗಡು ಬಡಿದು ಮುಚ್ಚಿಕೊಟ್ಟ. ನಳಿಗೆ ಅದರಲ್ಲಿ ತೊಟ್ಟಿಲಿನಲ್ಲಿ ಮಲಗಿದಂತೆ ಮಲಗುತ್ತದೆ.

ಉತ್ತರಿ ಮಳೆಯ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟೆ. ನವಸಾಗರ ಹಚ್ಚಿ ಅಡುಗೆಮನೆಯಲ್ಲಿ ತೂಗುಹಾಕಿದೆ. ಒಂದು ಹಗಲು, ಒಂದು ರಾತ್ರಿ. ಏನೂ ಇಲ್ಲ. ಒದ್ದೆ ಗೋಣಿ ಸುತ್ತಿ ನೋಡಿದೆ, ಬರೀ ಹನಿಹನಿ ಕಲೆ. ಉಜ್ಜಿ ತೆಗೆದೆ. ಆಗ ಹಗೇವಿನ ನೆನಪಾಯಿತು. ಜೋಳವೆಲ್ಲ ತೆಗೆಸಿ ಅದು ಬರಿದಾಗಿತ್ತು, ತಳ ಇನ್ನೂ ಹಸಿ. ನಳಿಗೆಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟು ಬಾಯಿಗೆ ಕಲ್ಲು ಮುಚ್ಚಿದೆ. ಮುಂಜಾನೆ ಎಳೆದರೆ ಮೇಲಿಂದ ಕೆಳಗಿನವರೆಗೂ ಒಂದೇ ಸಮನೆ ಕುಸುಬಿ ಹೂವಿನ ಬಣ್ಣ.

ಅದೇ ಹಗೇವು, ಅದೇ ಹಸಿ. ಅಪ್ಪ ಇಟ್ಟಾಗ ಕೆಡಿಸಿತು, ನಾನು ಇಟ್ಟಾಗ ಮಾಡಿಕೊಟ್ಟಿತು.

ಕುದಿಸಿದಾಗ ಕಣ್ಣೆದುರಿಗೇ ಕಪ್ಪಾಯಿತು, ಶಿವನಪ್ಪಾ. ಅತ್ತೆಯನ್ನು ಕೂಗಿದೆ. ಅವಳಿಗೆ ಕೇಳಲಿಲ್ಲ. ಒಬ್ಬಳೇ ನೋಡಿದೆ. ಎರಡು ಸಲ ಮುಗಿದಿದೆ. ದಸರೆಯ ಹೊತ್ತಿಗೆ ಮುಗಿಸುತ್ತೇನೆ.

ಬಂದು ನೋಡು.

ನಿನ್ನ ಅಕ್ಕ
ರೇಣವ್ವ


ಪುಣೆ
೧೨ ಅಕ್ಟೋಬರ್ ೧೯೫೩

ಅಕ್ಕನಿಗೆ ಶರಣು.

ಹಗೇವಿನ ಉಪಾಯ ಚಲೋ ಇದೆ. ಹೀಗೇ ಮುಂದುವರಿಸು. ನಾನು ಕ್ಷೇಮ.

ಶಿವನಪ್ಪ


ಅಬ್ಬಿಗೇರಿ
೨೦ ಅಕ್ಟೋಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ಕೆಟ್ಟಿತು.

ದಸರೆಯ ಖಂಡೆ ಪೂಜೆಯ ದಿನ ನಾನು ಹೊಲಕ್ಕೆ ಹೋಗಿದ್ದೆ. ಅತ್ತೆ ಕುಡಗೋಲು, ಕುರ್ಚಿಗಿ, ತಕ್ಕಡಿ ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದಳು. ನಡುವೆ ನಳಿಗೆ. ದೀಪಕ್ಕೆ ಎಣ್ಣೆ ಹಾಕಿದ ಕೈಯಿಂದಲೇ ಮೂರು ಬೆರಳು ಕೂಡಿಸಿ ಅದಕ್ಕೆ ವಿಭೂತಿ ಎಳೆದಿದ್ದಳು. ಅಪ್ಪನ ಕಾಲದಿಂದ ಎಳೆಯುತ್ತಿದ್ದ ಜಾಗದಲ್ಲೇ.

"ಅತ್ತೀ, ಇದನ್ನ ಮುಟ್ಟಬ್ಯಾಡಂತ ಹೇಳಿದ್ನೆಲ್ಲಾ!"

"ಮುಟ್ಟದ ಹ್ಯಾಂಗ ಪೂಜಿ ಮಾಡ್ಲಿ? ಇಲ್ಲಿಂದ ಉಗುಳ್ಲೇನು?"

"ಕಲಿ ಬೀಳ್ತೈತಿ."

"ವಿಭೂತಿ ಕಲಿ ಅಂತ! ಪುಣೇದಾಂವ ಬರದಾನೇನು? ಅವಗ ಹೇಳ, ವರ್ಷಕ್ಕೊಮ್ಮಿ ಕೈ ಮುಗಿಸಿಕೊಳ್ಳದ ಬಂದೂಕ ಈ ಮನ್ಯಾಗ ಇರೂದಿಲ್ಲ."

ಒರೆಸಿದೆ, ಸುಣ್ಣದ ತಿಳಿಯಿಂದ ತೊಳೆದೆ. ಸಾಲಲಿಲ್ಲವೆಂದು ಕಾಣುತ್ತದೆ. ಆ ಸಲದ ಕುದಿಯಲ್ಲಿ ಎಲ್ಲ ಕಡೆ ಕಪ್ಪೇರಿ, ಅಲ್ಲಿ ಮಾತ್ರ ಮೂರು ಬೂದು ಗೆರೆ ನಿಂತಿವೆ. ಇದಕ್ಕೆ ಏನು ಮಾಡಬೇಕು?

ನಿನ್ನ ಅಕ್ಕ
ರೇಣವ್ವ


ಪುಣೆ
೨೮ ಅಕ್ಟೋಬರ್ ೧೯೫೩

ಅಕ್ಕನಿಗೆ ಶರಣು.

ನಿನ್ನ ಕಾಗದವನ್ನು ಊಟದ ಮನೆಯಲ್ಲಿ ಓದಿ ನಕ್ಕೆ. ಎದುರಿಗೆ ಕುಳಿತವನು ಏನಾಯಿತೆಂದು ಕೇಳಿದ. ಹೇಳಲು ಹೋದೆ. "ಖಂಡೆ ಪೂಜೆ" ಎನ್ನುವಲ್ಲಿಗೆ ನಿಂತೆ. ಅವನಿಗೆ ಹೇಳಬೇಕಾದರೆ ಅತ್ತೆಯಿಂದ ಶುರು ಮಾಡಬೇಕಾಗಿತ್ತು, ಅಲ್ಲಿಂದ ಜಗಲಿಗೆ, ಜಗಲಿಯಿಂದ ಊರಿಗೆ. ಅಷ್ಟು ಹೊತ್ತಿಗೆ ಅವನ ಊಟ ಮುಗಿದಿತ್ತು.

ಗೆರೆಗಳ ಮೇಲೆ ಮಾತ್ರ ತೇಪೆ ಹಾಕಲು ಬರುವುದಿಲ್ಲ. ಬಣ್ಣ ಕೂಡುವುದಿಲ್ಲ. ಇಡೀ ನಳಿಗೆಯನ್ನು ನಯವಾದ ಕಾಗದದಿಂದ ಬಿಳಿಯಾಗುವ ತನಕ ಉಜ್ಜಿ, ಮೊದಲಿನಿಂದ ಶುರು ಮಾಡಬೇಕು. ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರ ಕೈಯಲ್ಲೂ ಹೀಗಾಗುತ್ತದೆ.

ಕೈಯ ಮಾತು ಬಂತು. ಒಂದು ಸಂಗತಿ ಬರೆಯುತ್ತೇನೆ. ಕಾರಖಾನೆಗೆ ಹೊಸಬರು ಸೇರಿದಾಗ ಎಲ್ಲರ ಕೈಗೂ ಒಂದೊಂದು ಹೊಳೆಯುವ ಉಕ್ಕಿನ ಬಿಲ್ಲೆ ಕೊಟ್ಟು, ಹಿಡಿದು ಕೂರಿಸುತ್ತಾರೆ. ಮರುದಿನ ಬಿಲ್ಲೆ ನೋಡುತ್ತಾರೆ. ಉಳಿದವರವು ಹಾಗೇ ಇದ್ದವು. ನನ್ನದರ ಮೇಲೆ ಐದು ಬೆರಳೂ ಕೆಂಪಗೆ ಎದ್ದಿದ್ದವು. ಕೆಲವರ ಬೆವರಿನ ಗುಣ ಹಾಗಂತೆ, ಅದರಲ್ಲಿ ಉಪ್ಪು ಹೆಚ್ಚಂತೆ. ನೂರರಲ್ಲಿ ಒಬ್ಬಿಬ್ಬರು ಇರುತ್ತಾರಂತೆ. ಮೇಸ್ತ್ರಿ ಇದನ್ನು ಹೇಳುವಾಗ ಸಿಟ್ಟಾಗಲಿಲ್ಲ. ಒಳಗಿನಿಂದ ಒಂದು ಜೊತೆ ಕೈಗವಸು ತಂದುಕೊಟ್ಟ.

ಅಪ್ಪ ಹೇಳಿದ್ದು ಖರೇ ಇತ್ತು. ಅದನ್ನು ಅವನಿಗೆ ಬರೆಯಬೇಕೆಂದು ಬಹಳ ಸಲ ಅಂದುಕೊಂಡೆ. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ.

ಹನ್ನೆರಡು ವರ್ಷ ಕೈಗವಸು ಹಾಕಿ ಕೆಲಸ ಮಾಡಿದ್ದೇನೆ. ಬಿಚ್ಚಿದಾಗ ಕೈಗಳು ಬೇರೆಯವರವೆಂಬಂತೆ ಬೆಳ್ಳಗಿರುತ್ತವೆ. ಕೋಣೆಯಲ್ಲಿ ನನ್ನ ಪೆಟ್ಟಿಗೆಯ ಬೀಗ ಮಾತ್ರ ಕೆಂಪಾಗಿದೆ, ಅದನ್ನು ದಿನಾ ಬರಿಗೈಯಿಂದ ತೆಗೆಯುತ್ತೇನೆ.

ಮುಂದಿನ ಸಲ ಅತ್ತೆಗೆ ವಿಭೂತಿಯನ್ನು ಮರದ ಭಾಗಕ್ಕೆ ಎಳೆಯಲು ಹೇಳು. ಮರಕ್ಕೆ ಏನೂ ಆಗುವುದಿಲ್ಲ.

ಇನ್ನಷ್ಟು ಎಮರಿ ಕಾಗದ ಕಳಿಸಿದ್ದೇನೆ. ಮತ್ತೆ ಏನಾಯಿತೆಂದು ಬರೆ.

ಶಿವನಪ್ಪ


ಅಬ್ಬಿಗೇರಿ
೧೫ ನವೆಂಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ನಾಲ್ಕು ಪುಟ ಇತ್ತು. ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕೈಗವಸಿನ ಮಾತು ಬಂದಾಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಅವನ ಅವ್ವಂದೂ ಹಂಗ ಇತ್ತು. ಸೂಜಿ ಹಿಡದರ ಸೂಜಿ ಕರಕ್ ಆಗ್ತಿತ್ತು" ಎಂದಳು. ಅವ್ವನ ಸೂಜಿಯ ಸಂಗತಿ ನನಗೆ ಗೊತ್ತಿರಲಿಲ್ಲ.

ನಳಿಗೆ ಮತ್ತೆ ಕೆಟ್ಟಿದೆ. ನಾಲ್ಕನೆಯ ಕುದಿಯವರೆಗೆ ಚೆನ್ನಾಗಿತ್ತು. ಆಮೇಲೆ ಬಾಯಿಯಿಂದ ಒಂದು ಗೇಣು ಕೆಳಗೆ ಬೂದು ಮಚ್ಚೆ ಕಂಡಿತು, ಹುಣಸೆಬೀಜದಷ್ಟು. ಹೇಗಾಯಿತೋ. ಮೊದಲಿನಿಂದ ಉಜ್ಜಲೇ?

ಚಳಿ ಶುರುವಾಗಿದೆ. ಹಿಂಗಾರಿ ಜೋಳ ಚಲೋ ಎದ್ದಿದೆ. ಅಲ್ಲಿ ಊಟಕ್ಕೆ ಏನೇನು ಹಾಕುತ್ತಾರೆ? ಕೋಣೆಯಲ್ಲಿ ಕಿಟಕಿ ಇದೆಯೇ?

ನಿನ್ನ ಅಕ್ಕ
ರೇಣವ್ವ


ಪುಣೆ
೨೪ ನವೆಂಬರ್ ೧೯೫೩

ಅಕ್ಕನಿಗೆ ಶರಣು.

ಉಜ್ಜು. ಈ ಸಲ ಸುಣ್ಣದ ತಿಳಿಯಿಂದ ಎರಡು ಸಲ ತೊಳೆ. ನಳಿಗೆಯನ್ನು ಬೂಚಿನಿಂದ ಮಾತ್ರ ಹಿಡಿದೆತ್ತು.

ಕಿಟಕಿ ಇದೆ. ಅದರಿಂದ ಇನ್ನೊಂದು ಗೋಡೆ ಕಾಣುತ್ತದೆ. ಊಟಕ್ಕೆ ಗೋದಿ ಚಪಾತಿ. ಬಿಳಿ ಜೋಳದ ರೊಟ್ಟಿ ಇಲ್ಲೂ ಸಿಗುತ್ತದೆ, ಆದರೆ ಅವರು ರೊಟ್ಟಿಯನ್ನು ತೆಳ್ಳಗೆ ಬಡಿಯುವುದಿಲ್ಲ. ಭಾನುವಾರ ಬಟ್ಟೆ ಒಗೆದು, ಗ್ರಂಥಾಲಯದಿಂದ ತಂದ ಪುಸ್ತಕ ಓದುತ್ತೇನೆ. ಮರಾಠಿಗೆ ಅನುವಾದವಾದ ಕಾದಂಬರಿಗಳು. ಅವುಗಳಲ್ಲಿ ಹಿಮ ಬೀಳುವ ಊರುಗಳಿರುತ್ತವೆ. ಅಲ್ಲಿಯವರೂ ಒಬ್ಬರಿಗೊಬ್ಬರು ಬಹಳ ಕಾಗದ ಬರೆಯುತ್ತಾರೆ. ಹೇಳಬೇಕಾದದ್ದನ್ನು ಮಾತ್ರ ಬರೆಯುವುದಿಲ್ಲ.

ಅವ್ವನ ಸೂಜಿಯ ಸಂಗತಿಯನ್ನು ಮತ್ತೊಮ್ಮೆ ಅತ್ತೆಯ ಬಾಯಿಂದ ಕೇಳಿ ವಿವರವಾಗಿ ಬರೆ.

ಶಿವನಪ್ಪ


ಅಬ್ಬಿಗೇರಿ
೧೦ ಡಿಸೆಂಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ಸೂಜಿಯ ಸಂಗತಿ ಇಷ್ಟೇ. ಅವ್ವ ಕೌದಿ ಹೊಲೆಯುವಾಗ ಸೂಜಿಯನ್ನು ಆಗಾಗ ಮುಡಿಯ ಎಣ್ಣೆಗೆ ಒರೆಸಿಕೊಳ್ಳುತ್ತಿದ್ದಳಂತೆ. ಹೊಸ ಸೂಜಿ ತಂದುಕೊಡುವಾಗ ಅಪ್ಪ, "ನಿನಗ ಸೂಜಿ ಸಾಕಲಿಕ್ಕೆ ಒಂದ್ ಹೊಲಾ ಮಾರಬೇಕು" ಎನ್ನುತ್ತಿದ್ದನಂತೆ. ನಗುತ್ತ ಅನ್ನುತ್ತಿದ್ದನಂತೆ. ಅತ್ತೆ ಇದನ್ನು ಎರಡೆರಡು ಸಲ ಹೇಳಿದಳು, ನಗುತ್ತ ಅನ್ನುತ್ತಿದ್ದ ಎಂದು.

ನಳಿಗೆಯ ಮೇಲೆ ಮತ್ತೆ ಮಚ್ಚೆ. ಅದೇ ಗಾತ್ರದ್ದು, ಅದೇ ಜಾಗದಲ್ಲಿ. ನೀನು ಹೇಳಿದಂತೆಯೇ ಎಲ್ಲ ಮಾಡಿದ್ದೆ. ಅಂದಾನೆಪ್ಪ ಕಾಕಾ ನಿನ್ನೆ ಬಂದು ನೋಡಿ, "ಏ ರೇಣಾ, ದೀಪಾವಳಿಗೆ ಕರಕ್ ಇತ್ತು, ಈಗ ಬೆಳ್ಳಗ. ಇದು ಬಂದೂಕೋ ಊಸರವಳ್ಳಿಯೋ?" ಎಂದ. ಜನವರಿ ಬಂತೆಂದು ನೆನಪು ಮಾಡಿ ಹೋದ.

ಮತ್ತೆ ಉಜ್ಜಿದ್ದೇನೆ. ಕಾಗದ ಮುಗಿದಿದೆ, ಕಳಿಸು. ದೊಡ್ಡ ಕಾಗದ ಬರೆ.

ನಿನ್ನ ಅಕ್ಕ
ರೇಣವ್ವ


ಪುಣೆ
೧೯ ಡಿಸೆಂಬರ್ ೧೯೫೩

ಅಕ್ಕಾ,

ಎಮರಿ ಕಾಗದ ಕಳಿಸುವುದಿಲ್ಲ. ಇನ್ನು ಉಜ್ಜಬೇಡ.

ಮರೆತು ಮುಟ್ಟುವ ಕೈ ಪ್ರತಿ ಸಲ ಒಂದೇ ಜಾಗವನ್ನು ಮುಟ್ಟುವುದಿಲ್ಲ. ಬಾಯಿಯಿಂದ ಒಂದು ಗೇಣು ಕೆಳಗೆ, ಹುಣಸೆಬೀಜದಷ್ಟು. ಅದು ಎಣ್ಣೆಯಲ್ಲಿ ಅದ್ದಿದ ಹೆಬ್ಬೆರಳು. ನೀರಿನದಲ್ಲ, ಗಾಳಿಯದಲ್ಲ. ಈ ಕೆಲಸದಲ್ಲಿ ನನಗೆ ಗೊತ್ತಿರುವುದು ಇಷ್ಟೇ, ಆದರೆ ಇದು ಚೆನ್ನಾಗಿ ಗೊತ್ತು.

ನಾನು ಬೈಯುತ್ತಿಲ್ಲ. ಕೆಲಸ ಚೆನ್ನಾಗಿ ಆದಾಗ ನಾನು ಎರಡು ಸಾಲು ಬರೆದೆ, ಕೆಟ್ಟಾಗ ನಾಲ್ಕು ಪುಟ. ನಿನ್ನ ಹಳೆಯ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದಾಗ ತಿಳಿಯಿತು.

ಆದರೆ ಒಂದು ಮಾತು ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ಉಜ್ಜಿದಾಗಲೆಲ್ಲ ಹೋಗುವುದು ತುಕ್ಕು ಮಾತ್ರವಲ್ಲ, ಕಬ್ಬಿಣವೂ ಹೋಗುತ್ತದೆ. ಹಗೇವಿನಲ್ಲಿ ಗುಳಿ ಬಿದ್ದ ನಳಿಗೆ ಅದು. ತೀರ ತೆಳುವಾದರೆ ಗುಂಡು ಹಾರಿಸಿದವನ ಕೈಯಲ್ಲೇ ಸೀಳುತ್ತದೆ. ನಳಿಗೆಯ ಬಾಯಿಯ ಅಂಚಿನ ಮೇಲೆ ಒಂದು ನವಣೆ ಕಾಳು ಇಟ್ಟು ನೋಡು. ಅಂಚು ಕಾಳಿಗೆ ಸಮವೋ, ಕಡಿಮೆಯೋ? ಸರಿಯಾಗಿ ನೋಡಿ ಬರೆ. ಅಲ್ಲಿಯವರೆಗೆ ಯಾರೂ ಅದಕ್ಕೆ ತೋಟಾ ಹಾಕಬಾರದು.

ಶಿವನಪ್ಪ


ಅಬ್ಬಿಗೇರಿ
೨೮ ಡಿಸೆಂಬರ್ ೧೯೫೩

ಶಿವನಪ್ಪನಿಗೆ ಆಶೀರ್ವಾದ.

ನವಣೆ ಕಾಳು ಇಟ್ಟು ನೋಡಿದೆ. ಒಂದು ಕಡೆ ಸಮ, ಒಂದು ಕಡೆ ಕಡಿಮೆ. ಎಷ್ಟು ಕಡಿಮೆ ಎಂದು ನನ್ನ ಕಣ್ಣಿಗೆ ತಿಳಿಯುವುದಿಲ್ಲ. ಅತ್ತೆಯ ಕಣ್ಣಿಗೆ ಕಾಳೇ ಕಾಣಲಿಲ್ಲ. ಮೂರು ಸಲ ಕಾಳು ನೆಲಕ್ಕೆ ಬಿತ್ತು. ನಾಲ್ಕನೆಯದನ್ನು ಕೋಳಿ ತಿಂದಿತು.

ಉಳಿದದ್ದಕ್ಕೆ ನಾನು ಏನೂ ಬರೆಯುವುದಿಲ್ಲ. ನಿನಗೆ ಗೊತ್ತಾಗಿದೆ.

ನಳಿಗೆ ಈಗ ಬೆಳ್ಳಗೆ ಇದೆ. ಸುಣ್ಣದ ತಿಳಿಯಿಂದ ತೊಳೆದು ಮಗ್ಗದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಮುಟ್ಟಿಲ್ಲ.

ರೇಣವ್ವ


ಪುಣೆ
೫ ಜನವರಿ ೧೯೫೪

ಅಕ್ಕನಿಗೆ ಶರಣು.

ಇದು ಕಾಗದದಲ್ಲಿ ಹೇಳುವಂಥದಲ್ಲ, ಕೈಯಲ್ಲಿ ಹಿಡಿದು ಅಳೆಯಬೇಕು. ರಜೆಗೆ ಅರ್ಜಿ ಹಾಕಿದ್ದೆ, ಸಿಕ್ಕಿದೆ. ಕೇಳಿದ ದಿನವೇ ಕೊಟ್ಟರು. ಸಂಕ್ರಮಣದ ಮುಂಜಾನೆ ಗದಗಿನಲ್ಲಿ ಇಳಿಯುತ್ತೇನೆ. ಮಳೆನೀರು ಉಳಿದಿದ್ದರೆ ತೆಗೆದಿಡು.

ಶಿವನಪ್ಪ


ಅಬ್ಬಿಗೇರಿ
೭ ಫೆಬ್ರುವರಿ ೧೯೫೪

ಶಿವನಪ್ಪನಿಗೆ ಆಶೀರ್ವಾದ.

ನೀನು ಸುಖವಾಗಿ ಮುಟ್ಟಿದ ಕಾರ್ಡು ಬಂದಿತು. ಎರಡೇ ಸಾಲು. ಇರಲಿ.

ನೀನು ಇದ್ದಷ್ಟು ದಿನ ನಾವು ಹೆಚ್ಚು ಮಾತಾಡಲಿಲ್ಲ, ಅಲ್ಲವೇ? ಕಾಗದದಲ್ಲಿ ಬರೆದದ್ದನ್ನು ಬಾಯಿಂದ ಹೇಳಲು ಇಬ್ಬರಿಗೂ ಆಗಲಿಲ್ಲ. ನೀನು ಹೊಸ್ತಿಲು ದಾಟಿ ಬಂದಾಗ ಅತ್ತೆ, "ಇವನ್ಯಾರು? ಇನ್ಸ್‌ಪೆಕ್ಟರನೇನು?" ಎಂದು ಕೇಳಿದ್ದಕ್ಕೆ ನಗು ಬಂತು, ಅದೊಂದು ಚಲೋ ಆಯಿತು. ಆಮೇಲೆ ನೀನು ಚೀಲದಿಂದ ಇಕ್ಕಳದಂಥದೊಂದು ತೆಗೆದು ನಳಿಗೆಯ ಉದ್ದಕ್ಕೂ ಅಳೆಯುತ್ತ ಹೋದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. "ಹಗುರ ತೋಟಾ ತಡಕೊಂತೈತಿ. ಇನ್ನೊಮ್ಮಿ ಉಜ್ಜಿದ್ದರ ಗ್ವಾಡಿಗೆ ತೂಗಹಾಕೂದೆ ಇತ್ತು" ಎಂದೆ. ಅಷ್ಟು ಹೇಳಿ ನೀನು ಒಲೆಗೆ ಕಟ್ಟಿಗೆ ತರಲು ಹೋದೆ. ಕಟ್ಟಿಗೆ ಒಲೆಯ ಪಕ್ಕದಲ್ಲೇ ಇತ್ತು.

ಕೊನೆಯ ಕುದಿಯ ಹೊತ್ತಿಗೆ ಅತ್ತೆಯೂ ಬಂದು ಕುಳಿತಳು. ಮೂವರೂ ನೋಡಿದೆವು. ಅಗಸೆ ಎಣ್ಣೆ ಒರೆಸಿದಾಗ ಅಪ್ಪನ ಬಂದೂಕಿನ ಬಣ್ಣ ಬಂತು. ಅಪ್ಪ ಕೂಡುತ್ತಿದ್ದ ಕಡೆ ಯಾರೂ ಕುಳಿತಿರಲಿಲ್ಲ. ನೀನೂ ಆ ಜಾಗ ಬಿಟ್ಟೇ ಕುಳಿತಿದ್ದೆ.

ರೋಣದಲ್ಲಿ ಸಾಹೇಬರು, "ಹೊಸದಾ ಇದು?" ಎಂದು ಕೇಳಿದ್ದನ್ನು ಅಂದಾನೆಪ್ಪ ಕಾಕಾ ಊರೆಲ್ಲ ಹೇಳುತ್ತಿದ್ದಾನೆ. ತಾನೇ ಮಾಡಿದವನಂತೆ.

ಎರಡು ಸಂಗತಿ ಕೇಳಬೇಕು.

ಒಂದು. ಅದನ್ನು ಗೋಡೆಗೆ ಏರಿಸುವಾಗ ನೀನು ಕೈಗವಸು ಬಿಚ್ಚಿದ್ದೆಯೇನು? ನಳಿಗೆಯ ನಡುವೆ, ಕೆಳಬದಿಗೆ, ನಾಲ್ಕು ಬೆರಳು ಕೆಂಪಗೆ ಎದ್ದಿವೆ. ನಾನಂತೂ ಮುಟ್ಟಿಲ್ಲ. ಒರೆಸಬೇಕೋ ಏನೋ ಎಂದು ಹಾಗೇ ಬಿಟ್ಟಿದ್ದೇನೆ. ದಿನಾ ಒಮ್ಮೆ ನೋಡುತ್ತೇನೆ.

ಇನ್ನೊಂದು. ನಿನ್ನೆ ಧೂಳು ಹೊಡೆಯುವಾಗ ಕುದುರೆಯ ಕೆಳಗಿನ ಪಟ್ಟಿ ಗಿಲಕಿಯಂತೆ ಅಲುಗಿತು. ನೋಡಿದರೆ ತಿರುಪು ಇಲ್ಲ. ಉಳಿದವೆಲ್ಲ ಇವೆ, ಕಮ್ಮಾರ ಮಾಡಿದ ದಪ್ಪ ತಲೆಯದೊಂದೇ ಇಲ್ಲ. ಪಡಸಾಲೆಯನ್ನು ಗುಡಿಸಿ, ಕಸವನ್ನೂ ಜರಡಿ ಹಿಡಿದು ನೋಡಿದೆ. ಹಗೇವಿನ ಬಾಯಿಯ ಸುತ್ತಲೂ ಹುಡುಕಿದೆ. ಅತ್ತೆ ನೋಡಿ, "ಹನ್ನೆರಡ ವರ್ಷದ ಹಿಂದನೂ ಹಿಂಗ ಹುಡಿಕಿದ್ದಿವಿ" ಎಂದಳು.

ಅದಿಲ್ಲದೆ ಬಂದೂಕು ಕೆಲಸಕ್ಕೆ ಬರುವುದಿಲ್ಲ. ನಿನ್ನ ಚೀಲದಲ್ಲಿ ಬಿದ್ದು ಬಂದಿದೆಯೇ ನೋಡು. ಇದ್ದರೆ ಒಂದು ಲಕೋಟೆಯಲ್ಲಿ ಹಾಕಿ ಕಳಿಸು.

ನಿನ್ನ ಅಕ್ಕ
ರೇಣವ್ವ


ಪುಣೆ
೧೬ ಫೆಬ್ರುವರಿ ೧೯೫೪

ಅಕ್ಕನಿಗೆ ಶರಣು.

ಬೆರಳಿನ ಗುರುತುಗಳನ್ನು ಎಣ್ಣೆಯ ಬಟ್ಟೆಯಿಂದ ಒರೆಸು. ಒರೆಸದಿದ್ದರೆ ಒಳಗೆ ತಿನ್ನುತ್ತವೆ. ಉಜ್ಜಬೇಡ.

ತಿರುಪು ಚೀಲದಲ್ಲಿ ಬಿದ್ದು ಬಂದದ್ದಲ್ಲ. ನಾನೇ ಬಿಚ್ಚಿ ತಂದಿದ್ದೇನೆ. ಅದರ ತಲೆ ಉಳಿದವುಗಳ ಹಾಗೆ ನಯವಾಗಿಲ್ಲ, ಇಲ್ಲಿ ಉಜ್ಜಿ ನೀಲಿ ಮಾಡಬೇಕು. ಅವಸರದ ಕೆಲಸವಲ್ಲ. ಹಗಲು ಜೇಬಿನಲ್ಲಿ ಇರುತ್ತದೆ. ಈಗಾಗಲೇ ಸ್ವಲ್ಪ ಕೆಂಪಾಗಿದೆ.

ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಟಪಾಲಿನಲ್ಲಿ ಕಳಿಸುವುದಿಲ್ಲ.

ಶಿವನಪ್ಪ